ಅತ್ತಿಗೆಗೆ ‘ನಿ’ ಅನ್ನಲಾ, ‘ನ’ ಅನ್ನಲಾ: ಲಾಡನ್ ಕಲಿತ ಅನುಭವ

‘ಅಪ್ಪ ಬಂದರು.’ ಇಲ್ಲಿ ಎಷ್ಟು ಜನ ಬಂದರು? ಒಬ್ಬರೇ. ‘ಹುಡುಗರು ಬಂದರು.’ ಇಲ್ಲಿ? ಎಷ್ಟೋ ಜನ. ಕ್ರಿಯಾಪದ ಮಾತ್ರ ಎರಡೂ ಕಡೆ ಅದೇ. ಆ ‘ರು’ ಒಂದು ಕಡೆ ಮರ್ಯಾದೆ ಕೊಡುತ್ತಿದೆ, ಇನ್ನೊಂದು ಕಡೆ ತಲೆ ಎಣಿಸುತ್ತಿದೆ. ಶಾಲೆಯಲ್ಲಿ ಇದಕ್ಕೆ ಗೌರವಾರ್ಥಕ ಬಹುವಚನ ಅಂತ ಹೆಸರು ಹೇಳಿಕೊಟ್ಟು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ನಾವೂ ಹೋಗಿಬಿಡುತ್ತೇವೆ.

ಇದು ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ನಮ್ಮಲ್ಲಿ ‘ಏಕವಚನ’ ಅನ್ನುವ ವ್ಯಾಕರಣದ ಮಾತೇ ಜಗಳದ ಮಾತಾಗಿದೆ. ‘ಏಕವಚನದಲ್ಲಿ ವಾಗ್ದಾಳಿ’ ಅಂತ ಪೇಪರಿನಲ್ಲಿ ಬಂದರೆ ಯಾರೂ ವ್ಯಾಕರಣ ನೆನಪು ಮಾಡಿಕೊಳ್ಳುವುದಿಲ್ಲ. ಇಬ್ಬರು ರಾಜಕಾರಣಿಗಳು ಬೈದಾಡಿಕೊಂಡರು ಅಂತ ಅರ್ಥವಾಗುತ್ತದೆ. ಲೆಕ್ಕವನ್ನೂ ಮನಸ್ಸಿನಲ್ಲಿರುವುದನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದೇವೆ. ನನಗೆ ಇದು ತಲೆಗೆ ಹೋಗಿದ್ದು ಇವೆರಡನ್ನೂ ಪೂರ್ತಿ ಬೇರೆ ಮಾಡಿಟ್ಟ ಒಂದು ಭಾಷೆಯನ್ನು ಕಲಿಯಲು ಕೂತಾಗ.

ಆ ಭಾಷೆಯ ಹೆಸರು ಲಾಡನ್. ಫೋನಿನಲ್ಲಿ ಹೇಳಿದಾಗ ಅತ್ತಿಗೆ, “ಏನೇ ಅದು, ಬಿನ್ ಲಾಡೆನ್ನಾ?” ಅಂದರು. ಅಲ್ಲ ಅತ್ತಿಗೆ, ‘ಲಾಡ್’ ಅಂದರೆ ಅರಿಯುವುದು, ‘ಡನ್’ ಅಂದರೆ ಭಾಷೆ ಅಂತ ಬಿಡಿಸಿ ಹೇಳಿದೆ.

ಇದು ಯಾವ ಊರಿನ ಜನ ಆಡುವ ಭಾಷೆಯೂ ಅಲ್ಲ. ಸುಜೆಟ್ ಹೇಡನ್ ಎಲ್ಜಿನ್ ಅನ್ನುವ ಅಮೆರಿಕದ ಭಾಷಾವಿಜ್ಞಾನಿ 1982ರಲ್ಲಿ ಕಟ್ಟಲು ಶುರು ಮಾಡಿದ್ದು. ಅಮೆರಿಕದ ಮೂಲನಿವಾಸಿಗಳ ನವಾಹೊ ಭಾಷೆಯ ಮೇಲೆ ಕೆಲಸ ಮಾಡಿದ್ದವರು, ಸ್ಯಾನ್ ಡಿಯಾಗೋದಲ್ಲಿ ಪಾಠ ಹೇಳಿದವರು, ಆಮೇಲೆ ಆರ್ಕನ್ಸಾದಲ್ಲಿ ಹೋಗಿ ನೆಲೆಸಿದವರು. 1984ರಲ್ಲಿ ಬಂದ ಅವರ ವಿಜ್ಞಾನ ಕಾದಂಬರಿಯಲ್ಲಿ ಹೆಂಗಸರು ಗುಟ್ಟಾಗಿ ತಮ್ಮದೇ ಭಾಷೆ ಕಟ್ಟಿಕೊಳ್ಳುತ್ತಾರೆ. ಕಥೆಯಲ್ಲಿ ಸುಮ್ನೆ ನಾಲ್ಕು ವಿಚಿತ್ರ ಪದ ಹಾಕಿ ಕೈತೊಳೆದುಕೊಳ್ಳುವುದು ಇವರಿಗೆ ಒಗ್ಗಲಿಲ್ಲ. ವ್ಯಾಕರಣ, ನಿಘಂಟು ಎಲ್ಲ ಸೇರಿಸಿ ನಿಜವಾಗಿ ಆಡಬಹುದಾದ ಭಾಷೆಯನ್ನೇ ಮಾಡಿದರು. 1985ರಲ್ಲಿ ವ್ಯಾಕರಣದ ಪುಸ್ತಕ ಬಂತು, 1988ರಲ್ಲಿ ಎರಡನೇ ಆವೃತ್ತಿ. ಈಗಿರುವ ಭಾಷೆಗಳಲ್ಲಿ ಹೆಂಗಸರ ಅನುಭವ ಹೇಳಲು ಮಾತು ಸಾಲುವುದಿಲ್ಲ, ಸಾಲುವಂಥದ್ದು ಸಿಕ್ಕರೆ ಅವರು ಹಿಡಿದುಕೊಳ್ಳುತ್ತಾರಾ ನೋಡೋಣ ಅನ್ನುವುದು ಅವರ ಪ್ರಯೋಗ. ಹತ್ತು ವರ್ಷ ಕಾದರು. ಹೆಂಗಸರು ಹಿಡಿದುಕೊಳ್ಳಲಿಲ್ಲ. ಅದೇ ಹೊತ್ತಿಗೆ ಟಿವಿ ಸರಣಿ ಸ್ಟಾರ್ ಟ್ರೆಕ್‌ನ ಯೋಧರ ಭಾಷೆ ಕ್ಲಿಂಗಾನ್ ಜೋರಾಗಿ ಹಬ್ಬಿತು. ಎಲ್ಜಿನ್ ಸೋಲನ್ನು ನೇರವಾಗಿ ಒಪ್ಪಿಕೊಂಡರು. 2015ರಲ್ಲಿ ತೀರಿಕೊಂಡರು.

ಸೋತ ಭಾಷೆಯನ್ನು ಯಾಕೆ ಕಲಿಯಬೇಕು? ಅತ್ತಿಗೆಯೂ ಇದನ್ನೇ ಕೇಳಿದರು. ಅವರು ಶಿವಮೊಗ್ಗದಲ್ಲಿ ಹೈಸ್ಕೂಲಿಗೆ ಕನ್ನಡ ಪಾಠ ಹೇಳುತ್ತಾರೆ. ವಚನ, ವಿಭಕ್ತಿ ಅವರಿಗೆ ದಿನದ ಅಡುಗೆ. ನಾನು ಬೆಂಗಳೂರಿನಲ್ಲಿ ಕೂತು ಕಟ್ಟಿದ ಭಾಷೆಗಳ ಹಿಂದೆ ಬಿದ್ದವಳು. ಮೊದಲು ಎಸ್ಪೆರಾಂಟೊ ನೋಡಿದ್ದೆ. ಅಲ್ಲಿ ಬಹುವಚನಕ್ಕೆ ನಾಮಪದಕ್ಕೂ ಗುಣವಾಚಕಕ್ಕೂ ಎರಡಕ್ಕೂ ‘ಯ್’ ಹಚ್ಚಬೇಕು. ‘ಒಳ್ಳೆಯ ಪುಸ್ತಕಗಳು’ ಅನ್ನುವ ಕಡೆ ‘ಒಳ್ಳೆಯಗಳು ಪುಸ್ತಕಗಳು’ ಅಂದ ಹಾಗೆ. ಬೇಜಾರು. ಆಮೇಲೆ ಲೋಜ್ಬನ್ ಹಿಡಿದೆ. ಅದರಲ್ಲಿ ನಾಮಪದಕ್ಕೆ ವಚನವೇ ಇಲ್ಲ. ಒಂದೋ ಹತ್ತೋ ಅಂತ ಬೇಕಿದ್ದರೆ ಸಂಖ್ಯೆ ಹಾಕಿಕೊಳ್ಳಬೇಕು. ಖುಷಿಗೆ ‘ಉಯ್’, ಗೊಣಗಾಟಕ್ಕೆ ‘ಓಯ್’ ಅಂತ ಭಾವ ಹೇಳುವ ಪುಟ್ಟ ಪದಗಳ ದೊಡ್ಡ ಪಟ್ಟಿಯೇ ಇದೆ. ಚೆಂದ ಇದೆ. ಆದರೆ ಅವನ್ನು ಬಿಟ್ಟರೂ ವಾಕ್ಯ ನಡೆಯುತ್ತದೆ. ಬಿಡಬಹುದು ಅಂದಮೇಲೆ ನನ್ನಂಥ ಸೋಮಾರಿ ಬಿಟ್ಟೇ ಬಿಡುತ್ತಾಳೆ.

ಲಾಡನ್‌ನಲ್ಲಿ ಬಿಡುವ ಹಾಗಿಲ್ಲ. ಅದಕ್ಕೇ ನನಗೆ ಅದು ಹಿಡಿಸಿದ್ದು.

ಒಂದು ವಾಕ್ಯ ನೋಡಿ. ‘ಬೀ ಹಲ್ ವಿಥ್ ವ.’ ಹೆಂಗಸು ಕೆಲಸ ಮಾಡುತ್ತಾಳೆ. ‘ಹಲ್’ ಕೆಲಸ ಮಾಡು, ‘ವಿಥ್’ ಹೆಂಗಸು. ಕೊನೆಯ ‘ಥ್’ ನಮ್ಮ ಥ ಅಲ್ಲ, ಇಂಗ್ಲಿಷಿನವರು ಥ್ಯಾಂಕ್ಸ್ ಅನ್ನುವಾಗ ನಾಲಗೆಯನ್ನು ಹಲ್ಲಿಗೆ ತಾಗಿಸುತ್ತಾರಲ್ಲ, ಅದು. ಗಂಡಸಿಗೆ ಬೇರೆ ಪದ ಇಲ್ಲ. ‘ವಿಥ್’ಗೆ ‘ಇಡ್’ ಸೇರಿಸಿ ‘ವಿಥಿಡ್’ ಅನ್ನಬೇಕು. ನಾವು ಶಿಕ್ಷಕನಿಗೆ ‘ಇ’ ಹಚ್ಚಿ ಶಿಕ್ಷಕಿ ಮಾಡುವುದರ ಉಲ್ಟಾ. ಕ್ರಿಯಾಪದ ಮೊದಲು, ಕರ್ತೃ ಆಮೇಲೆ. ಕನ್ನಡದವರಿಗೆ ಕೊನೆಯಲ್ಲಿ ಬರಬೇಕಾದದ್ದು ಮೊದಲೇ ಬಂದು ಕೂತಿರುತ್ತದೆ. ಸ್ವಲ್ಪ ದಿನ ಕಿರಿಕಿರಿ, ಆಮೇಲೆ ಸರಿಹೋಗುತ್ತದೆ.

ವಿಷಯ ಇರುವುದು ವಾಕ್ಯದ ಎರಡು ತುದಿಯಲ್ಲಿ. ಮುಂದೆ ಒಂದು ಪದ, ಹಿಂದೆ ಒಂದು ಪದ. ಮುಂದಿನದು, ನಾನು ಈಗ ಯಾವ ಥರದ ಮಾತು ಆಡುತ್ತಿದ್ದೇನೆ, ಯಾವ ಮನಸ್ಸಿನಲ್ಲಿ ಆಡುತ್ತಿದ್ದೇನೆ ಅಂತ ಹೇಳುತ್ತದೆ. ಹಿಂದಿನದು, ನನಗೆ ಇದು ಹೇಗೆ ಗೊತ್ತು ಅಂತ.

ಮೊದಲು ಲೆಕ್ಕದ ಮಾತು ಮುಗಿಸುತ್ತೇನೆ, ಅದು ಸುಲಭ. ಲಾಡನ್‌ನಲ್ಲಿ ನಾಮಪದ ಬದಲಾಗುವುದೇ ಇಲ್ಲ. ಒಬ್ಬಳಿದ್ದರೂ ‘ವಿಥ್’, ನೂರು ಜನ ಇದ್ದರೂ ‘ವಿಥ್’. ಬಹುವಚನ ಕ್ರಿಯಾಪದಕ್ಕೆ ಹೋಗಿ ಕೂರುತ್ತದೆ, ಅದೂ ಮುಂದುಗಡೆ. ‘ಹಲ್’ ಇದ್ದದ್ದು ‘ಮೆಹಲ್’ ಆಗುತ್ತದೆ. ‘ಬೀ ಮೆಹಲ್ ವಿಥ್ ವ.’ ಹೆಂಗಸರು ಕೆಲಸ ಮಾಡುತ್ತಾರೆ. ಅಷ್ಟೇ. ಇಂಗ್ಲಿಷಿನವರಿಗೆ ಇದು ವಿಚಿತ್ರ ಕಾಣಬಹುದು. ನಮಗೇನು? ಹತ್ತು ತೆಂಗಿನಕಾಯಿ, ಎರಡು ಲೋಟ, ಐದು ರೂಪಾಯಿ ಅಂತ ದಿನಾ ಏಕವಚನದಲ್ಲೇ ವ್ಯಾಪಾರ ಮಾಡುವವರು ನಾವು. ಮೂರು ಬಸ್ಸು ಬಂದರೂ ‘ಬಂತು’ ಅನ್ನುತ್ತೇವೆ.

ಸರ್ವನಾಮಕ್ಕೆ ಮಾತ್ರ ವಚನ ಉಂಟು, ಅದೂ ಮೂರು. ‘ಲೆ’ ಅಂದರೆ ನಾನು. ‘ಲೆಝ್’ ಅಂದರೆ ನಾವು, ಆದರೆ ಇಬ್ಬರಿಂದ ಐವರ ತನಕ. ಐದು ದಾಟಿದರೆ ‘ಲೆನ್’. ಝ್ ಅನ್ನುವುದು ಟೆಲಿವಿಷನ್ ಪದದ ನಡುವೆ ಬರುವ ಸದ್ದು. ಇದನ್ನು ಓದಿದ ಕೂಡಲೇ ಅತ್ತಿಗೆ, “ಇದು ನಮ್ಮ ಮನೆಗೆ ಬೇಕಿತ್ತು ಕಣೇ” ಅಂದರು. ಯಾಕೆ ಅಂದರೆ ನಮ್ಮ ಕಡೆಯವರು ಫೋನು ಮಾಡಿ “ನಾವು ಭಾನುವಾರ ಬರ್ತಾ ಇದ್ದೀವಿ” ಅಂತ ಹೇಳಿ ಇಟ್ಟುಬಿಡುತ್ತಾರೆ. ನಾವು ಅಂದರೆ ಗಂಡ ಹೆಂಡತಿಯಾ, ಇಡೀ ಪರಿವಾರವಾ? ಅಕ್ಕಿ ಎಷ್ಟು ಹಾಕಬೇಕು? ‘ಲೆಝ್’ ಅಂದಿದ್ದರೆ ಕುಕ್ಕರು, ‘ಲೆನ್’ ಅಂದಿದ್ದರೆ ದೊಡ್ಡ ಪಾತ್ರೆ.

ಆದರೂ ಇಲ್ಲಿ ನನಗೆ ಒಂದು ತಕರಾರು ಇದೆ. ಇಷ್ಟು ಲೆಕ್ಕ ಹಾಕಿದ ಎಲ್ಜಿನ್, ನಿನ್ನನ್ನೂ ಸೇರಿಸಿ ನಾವಾ, ನಿನ್ನನ್ನು ಬಿಟ್ಟು ನಾವಾ ಅನ್ನುವುದಕ್ಕೆ ಜಾಗ ಕೊಡಲಿಲ್ಲ. ತುಳುವಿನವರಿಗೆ ಅದು ಹುಟ್ಟಿನಿಂದ ಬಂದಿದೆ: ನಿನ್ನನ್ನೂ ಸೇರಿಸಿದರೆ ‘ನಮ’, ಬಿಟ್ಟರೆ ‘ಎಂಕುಲು’. ತೆಲುಗಿನಲ್ಲೂ ಇದೆ, ತಮಿಳಿನಲ್ಲೂ ಇದೆ. ಈಗಿನ ಕನ್ನಡದಲ್ಲಿ ಒಂದೇ ‘ನಾವು’. ಎರಡೂರು ಬಸ್ ಇಳಿದರೆ ಸಿಗುವುದನ್ನು ಅಮೆರಿಕದಲ್ಲಿ ಹುಡುಕುವುದು ಬೇಡ ಬಿಡಿ.

ಈಗ ವಾಕ್ಯದ ಮುಂದಿನ ತುದಿ. ಸಾಧಾರಣ ಹೇಳಿಕೆಗೆ ‘ಬೀ’. ಪ್ರಶ್ನೆಗೆ ‘ಬಾ’. ಕೋರಿಕೆಗೆ ‘ಬೋ’. ಎಚ್ಚರಿಕೆಗೆ ‘ಬೇ’. ಮೋಟಾಗಿ ‘ಬೆ’ ಅಂದರೆ ಮಾತು ಕೊಡುವುದು, ಆಣೆ. ಮೋಟಾಗಿ ‘ಬೊ’ ಅಂದರೆ ಆಜ್ಞೆ. ಇದನ್ನು ಚಿಕ್ಕ ಮಕ್ಕಳ ಹತ್ತಿರ ಬಿಟ್ಟರೆ ಬಳಸುವುದು ಬಹಳ ಕಡಿಮೆ ಅಂತ ಪುಸ್ತಕದಲ್ಲೇ ಇದೆ. ನಾವು ಈ ಕೆಲಸವನ್ನೂ ಬಹುವಚನದ ಕೈಯಲ್ಲೇ ಮಾಡಿಸುತ್ತೇವೆ, ನೋಡಿ. ‘ಬಾ’ ಅಂದರೆ ಆಜ್ಞೆ, ‘ಬನ್ನಿ’ ಅಂದರೆ ಕೋರಿಕೆ. ಆದರೆ ‘ಸ್ವಲ್ಪ ಆಚೆ ನಿಲ್ಲಿ’ ಅಂತ ಯಾರಾದರೂ ಹೇಳಿದರೆ ಅದರಲ್ಲಿ ಕೋರಿಕೆ ಎಲ್ಲಿದೆ?

ಈ ‘ಬೀ’, ‘ಬಾ’ಗಳ ಬಾಲಕ್ಕೆ ಭಾವದ ಗುರುತು ಅಂಟಿಸಬೇಕು. ಸಿಟ್ಟಿನಲ್ಲಿ ಹೇಳಿದರೆ ‘ಡ್’. ನೋವಿನಲ್ಲಿ ‘ಥ್’. ಪ್ರೀತಿಯಲ್ಲಿ ‘ಲಿ’. ಹೆದರಿಕೆಯಲ್ಲಿ ‘ಯ’. ಸಂಭ್ರಮದಲ್ಲಿ ‘ಲನ್’. ತಮಾಷೆಗೆ ‘ಡ’. ಕಥೆ ಹೇಳುವಾಗ ‘ಡೆ’. ಪಾಠ ಹೇಳುವಾಗ ‘ಡಿ’. ಅಂದರೆ ಮೇಷ್ಟ್ರು ತರಗತಿಯಲ್ಲಿ ಬಾಯಿ ತೆರೆದರೆ ಮೊದಲ ಮಾತು ‘ಬೀಡಿ’. ಅತ್ತಿಗೆ ಇದನ್ನು ತಮ್ಮ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದರಂತೆ. ಏನೂ ಅಂಟಿಸದಿದ್ದರೆ ಮಾತು ಮಾಮೂಲು, ವಿಶೇಷ ಭಾವ ಇಲ್ಲ ಅಂತ. ಅಂದರೆ ಸುಮ್ಮನಿದ್ದರೂ ಒಂದು ಹೇಳಿಕೆ ಕೊಟ್ಟ ಹಾಗೇ ಆಯಿತು.

ಯಾಕೆ ಹೀಗೆ ಮಾಡಿದರು ಅನ್ನುವುದಕ್ಕೆ ಎಲ್ಜಿನ್ ಅವರ ಇನ್ನೊಂದು ಕೆಲಸ ನೋಡಬೇಕು. ಮಾತಿನಲ್ಲಿ ಚುಚ್ಚುವವರಿಂದ ಹೇಗೆ ಕಾಪಾಡಿಕೊಳ್ಳಬೇಕು ಅಂತ ಅವರು 1980ರಲ್ಲೇ ಪುಸ್ತಕ ಬರೆದಿದ್ದರು. ಇಂಗ್ಲಿಷಿನಲ್ಲಿ ವಿಷ ಇರುವುದು ಪದದಲ್ಲಿ ಅಲ್ಲ, ರಾಗದಲ್ಲಿ. ಕೇಳಿಸಿಕೊಂಡವಳು ನೊಂದುಕೊಂಡರೆ, ‘ನಾನೇನು ಅಂದೆ ಈಗ, ಇಷ್ಟೇ ತಾನೇ ಅಂದದ್ದು’ ಅಂತ ಜಾರಿಕೊಳ್ಳಬಹುದು. ಪದ ತೋರಿಸಿ ಅಂದರೆ ಪದದಲ್ಲಿ ಏನೂ ಸಿಗುವುದಿಲ್ಲ. ಸಿಟ್ಟಿದ್ದರೆ ಅದನ್ನು ಪದವಾಗಿ ಮುಂದೆ ಇಡು ಅಂತ ಲಾಡನ್ ಕೇಳುತ್ತದೆ.

ಕನ್ನಡದಲ್ಲಿ ನಾವು ರಾಗ ಮಾತ್ರ ಅಲ್ಲ, ವಚನವನ್ನೂ ಚುಚ್ಚಲು ಬಳಸುತ್ತೇವೆ. ‘ನೀನು’ ಅನ್ನುವವರು ಇದ್ದಕ್ಕಿದ್ದಂತೆ ‘ನೀವು ಬಿಡಿ, ದೊಡ್ಡವರು’ ಅಂದರೆ ಮುಗಿಯಿತು. ಬರೆದು ತೋರಿಸಿದರೆ ಬರೀ ಮರ್ಯಾದೆ. ಕೇಳಿಸಿಕೊಂಡವರಿಗೆ ಗೊತ್ತು. ನಮ್ಮಲ್ಲಿ ಸಿಟ್ಟು ಬಂದರೆ ವಚನ ಕೆಳಗೂ ಇಳಿಯುತ್ತದೆ, ಮೇಲಕ್ಕೂ ಏರುತ್ತದೆ.

ನಾವಿಬ್ಬರೂ ಕಲಿಯಲು ಒಂದು ಕಟ್ಟಲೆ ಮಾಡಿಕೊಂಡೆವು. ರಾತ್ರಿ ಊಟ ಆದಮೇಲೆ ಒಬ್ಬರಿಗೊಬ್ಬರು ವಾಟ್ಸಾಪಿನಲ್ಲಿ ಒಂದೆರಡು ವಾಕ್ಯ ಕಳಿಸುವುದು. ಕನ್ನಡ ಲಿಪಿಯಲ್ಲಿ. ಆ ದಿನ ನಿಜವಾಗಿ ನಡೆದದ್ದೇ ಇರಬೇಕು, ಪುಸ್ತಕದ ‘ಬೆಕ್ಕು ಮಲಗಿದೆ’ ಥರದ್ದು ಬೇಡ. ಶುರುವಿನಲ್ಲಿ ಎಲ್ಲ ಊಟದ ಸುದ್ದಿಯೇ. ಊಟಕ್ಕೆ ಪದ ಹುಡುಕುವ ಕಷ್ಟವೂ ಇಲ್ಲ, ಲಾಡನ್‌ನಲ್ಲಿ ಆಹಾರ ಅಂದರೆ ‘ಅನ’. ನಮ್ಮ ಅನ್ನಕ್ಕೂ ಅದಕ್ಕೂ ಸಂಬಂಧ ಇಲ್ಲ, ಆಕಸ್ಮಿಕ. ‘ಬೀ ಥಲ್ ಅನ ವ.’ ಊಟ ಚೆನ್ನಾಗಿದೆ.

ಗೌರಿಹಬ್ಬದ ಮಾರನೇ ದಿನ ಅತ್ತಿಗೆಯಿಂದ ಈ ವಾಕ್ಯ ಬಂತು:

‘ಬೀಡ್ ಎರಿಲ್ ಮೆಹಲ್ ರ ವಿಥಿಡ್ ವ.’

‘ಎರಿಲ್’ ಅಂದರೆ ಆಗಿಹೋದದ್ದು, ‘ರ’ ಅಂದರೆ ಇಲ್ಲ. ಗಂಡಸರು ಕೆಲಸ ಮಾಡಲಿಲ್ಲ. ಸಿಟ್ಟಿನಿಂದ ಹೇಳುತ್ತಿದ್ದೇನೆ. ಕಣ್ಣಾರೆ ನೋಡಿ ಹೇಳುತ್ತಿದ್ದೇನೆ. ಲಾಡನ್‌ನಲ್ಲಿ ‘ರಡೀಡಿನ್’ ಅಂತ ಒಂದು ಪದವೇ ಇದೆ, ಹಬ್ಬ ಅಂತ ಹೆಸರು, ಮನೆ ಹೆಂಗಸಿಗೆ ಮಾತ್ರ ನೆಂಟರು, ಅಡುಗೆ, ಪಾತ್ರೆ, ಯಾರೂ ಕೈಹಾಕದ ದಿನ. ಹಬ್ಬವಲ್ಲದ ಹಬ್ಬ. ಅದನ್ನು ಬಳಸುತ್ತಾರೆ ಅಂದುಕೊಂಡಿದ್ದೆ. ಅವರು ನೇರವಾಗಿ ವ್ಯಾಕರಣಕ್ಕೆ ಇಳಿದಿದ್ದರು.

ನಾನು ವಾಕ್ಯ ಸರಿ ಇದೆ ಅಂತ ಕಳಿಸಿದೆ. ಒಂದು ನಿಮಿಷ ಬಿಟ್ಟು ಅದೇ ವಾಕ್ಯ ಮತ್ತೆ ಬಂತು. ಈ ಸಲ ‘ಮೆ’ ಇಲ್ಲ.

‘ಬೀಡ್ ಎರಿಲ್ ಹಲ್ ರ ವಿಥಿಡ್ ವ.’

ಒಬ್ಬ ಗಂಡಸು ಕೆಲಸ ಮಾಡಲಿಲ್ಲ. ಆ ಒಬ್ಬ ಯಾರು ಅಂತ ನನಗೆ ಗೊತ್ತಾಯಿತು. ನಮ್ಮಣ್ಣ.

ಇದನ್ನೇ ಅತ್ತಿಗೆ ಕನ್ನಡದಲ್ಲಿ ಹೇಳಿದ್ದರೆ ‘ಅವರು ಒಂದು ಕೆಲಸ ಮಾಡಲಿಲ್ಲ’ ಅನ್ನುತ್ತಿದ್ದರು. ಅವರು ಅಂದರೆ ಗಂಡನಾ, ಬಂದಿದ್ದ ನೆಂಟರಾ, ಎಲ್ಲರೂನಾ? ಗಂಡನಿಗೆ ಕೊಡುವ ಬಹುವಚನದ ಹಿಂದೆ ಗಂಡ ಆರಾಮಾಗಿ ಅವಿತುಕೊಳ್ಳಬಹುದು. ಲಾಡನ್‌ನಲ್ಲಿ ಒಂದೇ ಒಂದು ‘ಮೆ’ ತೆಗೆದರೆ ಸಾಕು, ಅವನೊಬ್ಬನೇ ಹಾಲ್‌ನ ನಡುವೆ ನಿಂತ. ಅವನಿಗೆ ಅವಮಾನ ಏನೂ ಆಗಿಲ್ಲ, ಅದೂ ಮುಖ್ಯ. ಕನ್ನಡದಲ್ಲಿ ಒಬ್ಬನೇ ಅಂತ ತೋರಿಸಲು ‘ಅವನು’ ಅಂದರೆ ಜಗಳ ಬೇರೆ ದಾರಿ ಹಿಡಿಯುತ್ತದೆ. ಇಲ್ಲಿ ಲೆಕ್ಕ ಲೆಕ್ಕವೇ, ಸಿಟ್ಟು ಸಿಟ್ಟೇ. ಎರಡಕ್ಕೂ ಬೇರೆ ಬೇರೆ ಜಾಗ.

ನನಗೆ ಕೀಟಲೆ ಬಂತು. ಫೋನೇ ಮಾಡಿದೆ. “ಅತ್ತಿಗೆ, ‘ವ’ ಹಾಕಿದ್ದೀರಲ್ಲ. ನೀವು ಅಡುಗೆಮನೆಯಲ್ಲಿ ಇದ್ರಿ. ನೋಡಿದ್ದೀರಾ?”

“ಅಡುಗೆಮನೆಯಿಂದ ಹಾಲ್ ಕಾಣುತ್ತೆ ಕಣೇ.”

“ಪೂರ್ತಿ ಕಾಣಲ್ಲ.”

“ಸರಿ ಹಾಗಾದ್ರೆ, ‘ವಿ’ ಹಾಕ್ತೀನಿ ಬಿಡು.”

‘ವಿ’ ಅಂದರೆ ಯಾರೂ ನೋಡಬೇಕಾಗಿಯೇ ಇಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ ಅಂತ. ಹಿಂದುಗಡೆಯಿಂದ ಅಣ್ಣ “ಏನದು ಇಬ್ಬರೂ ಗುಸುಗುಸು” ಅಂದದ್ದು ಕೇಳಿಸಿತು. “ವ್ಯಾಕರಣ” ಅಂದರು ಅತ್ತಿಗೆ.

ಈ ಕೊನೆಯ ತುದಿಯ ಪದಗಳೇ ಲಾಡನ್‌ನ ಅತಿ ಒಳ್ಳೆಯ ಭಾಗ ಅಂತ ನನ್ನ ಅಭಿಪ್ರಾಯ. ಸ್ವಂತ ಕಂಡು ಅನುಭವಿಸಿದ್ದಕ್ಕೆ ‘ವ’. ತಾನಾಗೇ ಗೊತ್ತಿರುವುದಕ್ಕೆ ‘ವಿ’. ಕನಸಿನಲ್ಲಿ ಕಂಡದ್ದಕ್ಕೆ ‘ವೆ’. ನಾನೇ ಕಲ್ಪಿಸಿಕೊಂಡದ್ದಕ್ಕೆ ‘ವೊ’. ನಿಜವೋ ಸುಳ್ಳೋ ನನಗೆ ಏನೇನೂ ಗೊತ್ತಿಲ್ಲ ಅನ್ನುವುದಕ್ಕೆ ‘ವೋ’. ಇನ್ನು ಬೇರೆಯವರು ಹೇಳಿದ್ದಕ್ಕೆ ಎರಡು ‘ವಾ’ ಇವೆ. ಹೇಳಿದವರ ಮೇಲೆ ನಂಬಿಕೆ ಇದ್ದರೆ ಒಂದು, ನಂಬಿಕೆ ಇಲ್ಲದಿದ್ದರೆ ಇನ್ನೊಂದು. ಎರಡೂ ಅದೇ ಉದ್ದ. ನಂಬಿಕೆಯ ‘ವಾ’ಗೆ ದನಿ ಮೇಲಿನಿಂದ ಕೆಳಗೆ ಇಳಿಯಬೇಕು, ಅಪನಂಬಿಕೆಯ ‘ವಾ’ಗೆ ಕೆಳಗಿನಿಂದ ಮೇಲೆ ಏರಬೇಕು. ಹೇಳಿದವರ ಉದ್ದೇಶವೇ ಕೆಟ್ಟದ್ದು ಅನ್ನಿಸಿದರೆ ಏರುವ ‘ವಾ’ ಕೊನೆಗೆ ‘ಲ್ಹ್’. ನಾಲಗೆಯನ್ನು ಲಕಾರಕ್ಕೆ ಇಟ್ಟುಕೊಂಡು ಪಕ್ಕದಿಂದ ಗಾಳಿ ಊದಬೇಕು. ಲಾಡನ್‌ನಲ್ಲಿ ಈ ಸದ್ದು ಎಲ್ಲಿ ಬಂದರೂ ಏನೋ ಕೆಟ್ಟದ್ದು ಇದೆ ಅಂತಲೇ. ಕೇಳಲೂ ಹಾಗೇ ಇದೆ.

ನಮಗೆ ಇದರ ಅರ್ಥ ಹಿಡಿಯಲು ಒಂದು ಕ್ಷಣ ಸಾಕಾಯಿತು. ಕನ್ನಡದಲ್ಲಿ ‘ಅಂತೆ’ ಇದೆಯಲ್ಲ. ‘ನಾಳೆ ನೀರು ಬರಲ್ವಂತೆ.’ ನಾನು ನೋಡಿದ್ದಲ್ಲ, ಯಾರೋ ಹೇಳಿದ್ದು. ಇಂಗ್ಲಿಷಿನವರಿಗೆ ಇದನ್ನು ಪಾಠ ಮಾಡಿ ಹೇಳಬೇಕು, ನಮ್ಮ ಮಕ್ಕಳು ಅಂಗನವಾಡಿಗೆ ಹೋಗುವ ಮೊದಲೇ ಹೇಳುತ್ತಾರೆ. ಆದರೆ ಅಂತೆ ಹೇಳಿದವರ ಮೇಲೆ ನಮಗೆ ನಂಬಿಕೆ ಇದೆಯೋ ಇಲ್ಲವೋ ಅನ್ನುವುದು ಅದರಲ್ಲಿ ಇಲ್ಲ. ಅದನ್ನು ರಾಗದಲ್ಲಿ ಸೇರಿಸಬೇಕು. ‘ದುಡ್ಡು ವಾಪಸ್ ಕೊಡ್ತಾನಂತೆ’ ಅನ್ನುವುದನ್ನು ಎರಡು ಥರ ಹೇಳಿ ನೋಡಿ.

ಅರ್ಥ ಸುಲಭ, ದನಿ ಕಷ್ಟ. ದನಿಯ ಏರಿಳಿತದಿಂದ ಪದ ಬೇರೆಯಾಗುವುದು ಕನ್ನಡದಲ್ಲಿ ಇಲ್ಲ. ಬರೆದು ಕಳಿಸುವುದರಲ್ಲಿ ಎರಡು ‘ವಾ’ ಒಂದೇ ಕಾಣುತ್ತವೆ ಅಂತ ವಾಯ್ಸ್ ಮೆಸೇಜಿಗೆ ಹೋದೆವು. ಅತ್ತಿಗೆಯ ಇಳಿಯುವ ‘ವಾ’ ಕಛೇರಿಯಲ್ಲಿ ಮುಂದಿನ ಸಾಲಿನವರು ‘ವಾಹ್’ ಅಂದ ಹಾಗೆ ಇತ್ತು. ನನ್ನ ಏರುವ ‘ವಾ’ ಕೇಳಿ ಅವರ ಮಗ, “ಅತ್ತೆ ಯಾಕೆ ಏನೋ ಕೇಳ್ತಿದ್ದಾರೆ?” ಅಂದನಂತೆ. ಕನ್ನಡದ ಕಿವಿಗೆ ಏರಿದ ದನಿ ಅಂದರೆ ಪ್ರಶ್ನೆ, ಅಲ್ವಾ. ಕೊನೆಗೆ ನಮ್ಮದೇ ಉಪಾಯ ಮಾಡಿಕೊಂಡೆವು. ಏರುವುದಕ್ಕೆ ‘ವಾ’ ಮೇಲೆ ಒಂದು ಗೀಟು, ಇಳಿಯುವುದಕ್ಕೆ ಕೆಳಗೆ ಒಂದು ಗೀಟು. ನೋಟ್‌ಬುಕ್ಕಿನಲ್ಲಿ ಚೆನ್ನಾಗಿ ನಡೆಯಿತು, ಫೋನಿನಲ್ಲಿ ಗೀಟು ಎಲ್ಲಿಂದ ತರುವುದು? ಅಲ್ಲಿ ಬಾಣದ ಚಿತ್ರ ಹಾಕುತ್ತೇವೆ.

ತಮಾಷೆಯ ಗುರುತಿನ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇಲ್ಲ. ‘ಬೀಡ’ ಅಂತ ಶುರು ಮಾಡಿದ ಕೂಡಲೇ ಮುಂದೆ ತಮಾಷೆ ಬರುತ್ತಿದೆ ಅಂತ ಗೊತ್ತಾಗುತ್ತದೆ. ತಮಾಷೆ ಅಲ್ಲೇ ಸತ್ತಿತು. ನಮ್ಮ ಕಡೆ ಚೆನ್ನಾಗಿ ಹಾಸ್ಯ ಮಾಡುವವರು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸುವುದಿಲ್ಲ. ಎಲ್ಜಿನ್‌ಗೆ ತಮಾಷೆಯ ಹೆಸರಿನಲ್ಲಿ ಹೆಂಗಸರಿಗೆ ಚುಚ್ಚುವವರ ಮೇಲೆ ಕಣ್ಣಿತ್ತು, ಅದು ಅರ್ಥವಾಗುತ್ತದೆ. ‘ತಮಾಷೆಗೆ ಅಂದೆ’ ಅಂತ ಆಮೇಲೆ ಹೇಳುವ ಹಾಗಿಲ್ಲ, ಮೊದಲೇ ಹೇಳಬೇಕಿತ್ತು. ಆದರೂ ಇದರಿಂದ ಒಳ್ಳೆಯ ತಮಾಷೆಯೂ ಹೋಯಿತು. ಅತ್ತಿಗೆ ಬೇಕಂತಲೇ ಉಲ್ಟಾ ಮಾಡಲು ಶುರು ಮಾಡಿದರು. ಪಾಠದ ‘ಬೀಡಿ’ ಹಾಕಿ ತಮಾಷೆ ಕಳಿಸುವುದು, ಹೆದರಿಕೆಯ ‘ಬೀಯ’ ಹಾಕಿ ‘ನಾನು ಊಟ ಮಾಡಿದೆ’ ಅನ್ನುವುದು. ಅವತ್ತು ಅಡುಗೆ ಅಣ್ಣ ಮಾಡಿದ್ದ.

ಹಾಗಾದರೆ ಪ್ರೀತಿಯ ‘ಲಿ’ ಹಾಕಿ ವಿಷ ಉಗುಳಬಹುದಲ್ಲ? ಉಗುಳಬಹುದು. ಆದರೆ ಆಗ ಅದು ರಾಗದ ಜಾರುವಿಕೆ ಅಲ್ಲ, ಬಾಯಿಬಿಟ್ಟು ಹೇಳಿದ ಸುಳ್ಳು. ತೋರಿಸಿ ಕೇಳಬಹುದು.

ಸರ್ವನಾಮಕ್ಕೆ ಬಂದಾಗ ನಾನು ನಿಜವಾಗಿ ಸಿಕ್ಕಿಹಾಕಿಕೊಂಡೆ. ಲಾಡನ್‌ನಲ್ಲಿ ನೀನು ಅಂದರೆ ‘ನೆ’. ಇದರಲ್ಲಿ ಯಾವ ಭಾವವೂ ಇಲ್ಲ. ಪ್ರೀತಿಯವರಾದರೆ ಸ್ವರ ಬದಲಾಯಿಸಿ ‘ನ’ ಅನ್ನಬೇಕು. ಗೌರವಕ್ಕಾದರೆ ‘ನಿ’. ಕಂಡರಾಗದವರಿಗೆ ಮುಂದೆ ‘ಲ್ಹೆ’ ಸೇರಿಸಿ ‘ಲ್ಹೆನೆ’. ಸ್ವರ ಭಾವಕ್ಕೆ, ಬಾಲದ ಝ್, ನ್ ಲೆಕ್ಕಕ್ಕೆ. ಎಷ್ಟು ಅಚ್ಚುಕಟ್ಟು! ಒಬ್ಬರಿಗೆ ಗೌರವ ಕೊಡಲು ಅವರನ್ನು ಇಬ್ಬರು ಮಾಡಬೇಕಾಗಿಲ್ಲ.

ಅತ್ತಿಗೆ ನನಗೆ ಮೊದಲ ದಿನದಿಂದ ‘ನ’ ಅಂತಲೇ ಬರೆದರು, ಕನ್ನಡದಲ್ಲಿ ‘ನೀನು’ ಅಂದ ಹಾಗೆ. ನಾನು ಅವರಿಗೆ ‘ನಿ’ ಅಂತ ಬರೆದೆ, ‘ನೀವು’ ಅಂದ ಹಾಗೆ. ಬರೆದು ನೋಡಿದರೆ ಏನೋ ಸರಿ ಇಲ್ಲ. ಹೆಡ್‌ಮೇಡಂಗೆ ಬರೆದ ಹಾಗಿತ್ತು. ‘ನ’ ಅಂತ ಬದಲಾಯಿಸಿದೆ. ಈಗ ಗೆಳತಿಗೆ ಬರೆದ ಹಾಗಾಯಿತು. ಅತ್ತಿಗೆ ಮದುವೆಯಾಗಿ ಬಂದಾಗ ನಾನು ಪಿಯುಸಿ. ನನ್ನ ಜಡೆ ಹಾಕಿದವರು, ನನ್ನ ಮದುವೆಗೆ ಅಪ್ಪನನ್ನು ಒಪ್ಪಿಸಿದವರು. ಅವರಿಗೆ ನಾನು ಹೇಳುವ ‘ನೀವು’ ಒಳಗೆ ಎರಡೂ ಇದೆ. ಲಾಡನ್ ಒಂದನ್ನು ಆರಿಸು ಅನ್ನುತ್ತದೆ.

ಎಲ್ಜಿನ್‌ಗೆ ಈ ಬೆರಕೆ ಗೊತ್ತಿರಲಿಲ್ಲ ಅಂತಲ್ಲ. ಪ್ರೀತಿಗೆ ಅವರು ಎಷ್ಟೋ ಪದ ಮಾಡಿದ್ದಾರೆ. ಗೌರವ ಇದ್ದು ಇಷ್ಟ ಇಲ್ಲದವರ ಮೇಲಿನ ಪ್ರೀತಿ ‘ಅಡ್’, ಇಷ್ಟ ಇದ್ದು ಗೌರವ ಇಲ್ಲದವರ ಮೇಲಿನದು ‘ಅಬ್’. ಇಷ್ಟು ಸೂಕ್ಷ್ಮ ನೋಡಿದವರು ಸರ್ವನಾಮದಲ್ಲಿ ಮಾತ್ರ ಎರಡರಲ್ಲಿ ಒಂದು ಅಂದುಬಿಟ್ಟರು. ನಾದಿನಿ, ಓರಗಿತ್ತಿ, ಅತ್ತಿಗೆ, ಅತ್ತೆ ತುಂಬಿದ ಮನೆಗಾಗಿ ಕಟ್ಟಿದ ಭಾಷೆ ಅದಲ್ಲ.

ಒಂದು ಕಡೆ ಮಾತ್ರ ಈ ಆರಿಸುವಿಕೆ ನನಗೆ ಇಷ್ಟವಾಯಿತು. ಅಮ್ಮ ತೀರಿಹೋದ ಮೇಲೆ ಬಂದ ಮೊದಲ ದೀಪಾವಳಿ ಹೊತ್ತಿನಲ್ಲಿ ಅತ್ತಿಗೆ ಬರೆದರು: ‘ಬೀ ಎರಿಲ್ ಅಡ ಬಿ ವೆ.’ ಅವರು ನಕ್ಕರು, ಕನಸಿನಲ್ಲಿ. ಅತ್ತೆಗೆ ಗೌರವದ ‘ಬಿ’. ಕ್ರಿಯಾಪದದಲ್ಲಿ ‘ಮೆ’ ಇಲ್ಲ, ನಕ್ಕದ್ದು ಒಬ್ಬರೇ. ನಾನು ಆ ವಾಕ್ಯವನ್ನೇ ಮತ್ತೆ ಬರೆದು ‘ಬಿ’ ಇದ್ದ ಕಡೆ ಪ್ರೀತಿಯ ‘ಬ’ ಹಾಕಿದೆ, ‘ವೆ’ ತೆಗೆದು ‘ವಾ’ ಹಾಕಿದೆ, ಇಳಿಯುವ ಬಾಣದ ಜೊತೆ. ನಾನು ಅಮ್ಮನಿಗೆ ಯಾವತ್ತೂ ‘ನೀನು’ ಅಂದವಳು. ಅತ್ತಿಗೆಯ ಕನಸು, ಅತ್ತಿಗೆ ಹೇಳಿದ್ದು, ನಾನು ನಂಬಿದ್ದೇನೆ. ಕನ್ನಡದಲ್ಲಿ ಇಷ್ಟು ಹೇಳಲು ಮೂರು ವಾಕ್ಯ ಬೇಕು, ಆಡಲು ಸಂಕೋಚವೂ ಆಗುತ್ತಿತ್ತು.

ಈಗ ನಾವು ದಿನಾ ಬರೆಯುವುದಿಲ್ಲ. ಬರೆದಾಗ ವಾಕ್ಯ ಉದ್ದವಾಗಿದೆ, ನಿಘಂಟು ತೆರೆಯುವುದು ಕಡಿಮೆಯಾಗಿದೆ. ಕನ್ನಡದ ಮೆಸೇಜುಗಳಿಗೂ ‘ವಾ’ ಮತ್ತು ಬಾಣ ಅಂಟಿಕೊಂಡಿವೆ. ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೂ ಬೆಳ್ಳುಳ್ಳಿ ತಿಂದರೆ ಎಲ್ಲ ಕಾಯಿಲೆ ಹೋಗುತ್ತದೆ ಅಂತ ಫಾರ್ವರ್ಡ್ ಮಾಡಿದರೆ ಅತ್ತಿಗೆ ಕೆಳಗೆ ಬರೀ ಒಂದು ಏರುವ ಬಾಣ ಹಾಕುತ್ತಾರೆ. ಸೋದರಮಾವ ಅದನ್ನು ಮೆಚ್ಚುಗೆ ಅಂದುಕೊಂಡು ಇನ್ನೂ ಜಾಸ್ತಿ ಕಳಿಸುತ್ತಿದ್ದಾರೆ.

‘ನಿ’ ಮತ್ತು ‘ನ’ ಜಗಳಕ್ಕೆ ಅತ್ತಿಗೆ ತಾವೇ ಒಂದು ದಾರಿ ಹುಡುಕಿದ್ದಾರೆ. ಎರಡನ್ನೂ ಸೇರಿಸೋಣ ಅಂತ. ಲಾಡನ್‌ನಲ್ಲಿ ಎರಡು ಬೇರೆ ಸ್ವರ ಪಕ್ಕಪಕ್ಕ ಬರುವ ಹಾಗಿಲ್ಲ, ನಡುವೆ ಒಂದು ಹಕಾರ ಬರಬೇಕು. ಹಾಗಾಗಿ ‘ನಿಹ’. ಗೌರವವೂ ಇದೆ, ಪ್ರೀತಿಯೂ ಇದೆ. ಕಟ್ಟಿದ ಭಾಷೆ ತಾನೇ, ನಾವೂ ಒಂದು ಕಲ್ಲು ಇಟ್ಟರೆ ಏನು ಅನ್ನುವುದು ಅವರ ವಾದ. ಇವತ್ತು ಸಂಧಿ ನಿಯಮ ನೋಡಿ ‘ನಿಹ’ ಮಾಡಿದರೆ, ನಾಳೆ ಮುನಿಸು ಮತ್ತು ಗೌರವ ಸೇರಿಸಿ ಇನ್ನೊಂದು, ನಾಡಿದ್ದು ಮತ್ತೊಂದು ಅಂತ ಬೆಳೆಯುತ್ತದೆ, ಬೇರೆ ಕಡೆ ಕಲಿತವರಿಗೆ ಒಂದೂ ಅರ್ಥವಾಗುವುದಿಲ್ಲ ಅನ್ನುವುದು ನನ್ನ ವಾದ. “ಬೇರೆ ಕಡೆಯವರಿಗೆ ಅತ್ತಿಗೆ ಇಲ್ವಾ?” ಅಂದರು.

ಮೊನ್ನೆ ಅವರು ಕಳಿಸಿದ ಪ್ರಶ್ನೆ ಇದು: ‘ಬಾಲಿ ಅರಿಲ್ ಮೆಶಾಡ್ ನಿಹಝ್?’ ಪ್ರೀತಿಯಿಂದ ಕೇಳುತ್ತಿದ್ದೇನೆ, ನೀವೆಲ್ಲ ಬರುತ್ತೀರಾ. ಪ್ರಶ್ನೆಯಾದ್ದರಿಂದ ಕೊನೆಯಲ್ಲಿ ಪುರಾವೆಯ ಪದ ಬೇಕಿಲ್ಲ. ನಾವು ಮನೆಯಲ್ಲಿ ನಾಲ್ಕು ಜನ, ಹಾಗಾಗಿ ಝ್ ಸರಿಯಾಗಿದೆ. ಕುಕ್ಕರು ಸಾಕು. ‘ಬೆಲಿ ಅರಿಲ್ ಮೆಶಾಡ್ ಲೆಝ್’ ಅಂತ ಮಾತು ಕೊಟ್ಟು ಕಳಿಸಿದ್ದೇನೆ. ‘ನಿಹ’ವನ್ನು ಮಾತ್ರ ಇನ್ನೂ ಒಪ್ಪಿಲ್ಲ.